ಅಜ್ಜಿಯ ಬಾಯಲ್ಲಿ ‘ಕಾರ್ಲ’: ಒಂದು ತಾಲೂಕು ಪೇಟೆಯ ಕಥೆ

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿ ಕೇಳ್ತಾ ಇದ್ದೀರೋ, ಕಂಬಿ ಹಿಡಿದು ನೇತಾಡಿಕೊಂಡು ಕೇಳ್ತಾ ಇದ್ದೀರೋ, ಅಂತೂ ಬಂದ್ರಲ್ಲ, ಖುಷಿ.

ನಾನು ಅಜೆಕಾರಿನವಳು. ಬೆಂಗಳೂರಿನಲ್ಲಿ ಯಾರಾದರೂ ‘ಅಜೆಕಾರು ಎಲ್ಲಿ?’ ಅಂತ ಕೇಳಿದರೆ ‘ಕಾರ್ಕಳದ ಹತ್ತಿರ’ ಅಂತೇನೆ. ‘ಕಾರ್ಕಳ ಎಲ್ಲಿ?’ ಅಂದರೆ ‘ಉಡುಪಿ ಹತ್ತಿರ’. ಅಲ್ಲಿಗೆ ಪ್ರಶ್ನೆ ಮುಗೀತದೆ, ಉಡುಪಿ ಹೋಟೆಲಿನಲ್ಲಿ ದೋಸೆ ತಿನ್ನದವರು ಯಾರಿದ್ದಾರೆ? ಆದರೆ ನಮ್ಮ ಅಜ್ಜಿಯ ಲೆಕ್ಕವೇ ಬೇರೆ. ಅವರಿಗೆ ಉಡುಪಿ ಅಂದ್ರೆ ಕೃಷ್ಣಮಠ, ಮಣಿಪಾಲ ಅಂದ್ರೆ ಆಸ್ಪತ್ರೆ. ‘ಕಾರ್ಲ’ ಅಂದ್ರೆ ಮಾತ್ರ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ತಾರೆ. ಕಾರ್ಲ, ಅಂದ್ರೆ ತುಳುವಿನಲ್ಲಿ ಕಾರ್ಕಳ. ಯಾಕೆ ಹಾಗೆ ಅನ್ನೋದೇ ಇವತ್ತಿನ ಕಥೆ.

ಅದಕ್ಕೆ ಮೊದಲು ಅಮೆರಿಕದ ಒಂದು ಜಗಳ ಹೇಳ್ತೇನೆ. ಅಲ್ಲಿ ರಾಜ್ಯಗಳ ಒಳಗೆ ಕೌಂಟಿ ಅಂತ ಉಂಟು. ನಮ್ಮ ಜಿಲ್ಲೆಗೂ ತಾಲೂಕಿಗೂ ನಡುವಿನದ್ದು ಅಂತ ಇಟ್ಕೊಳ್ಳಿ. ಕೋರ್ಟು, ಜಮೀನಿನ ದಾಖಲೆ, ತೆರಿಗೆ ಎಲ್ಲ ಇರುವ ಊರಿಗೆ ಕೌಂಟಿ ಸೀಟ್ ಅಂತಾರೆ. ಕಾನ್ಸಾಸ್ ರಾಜ್ಯದ ಗ್ರೇ ಕೌಂಟಿಯಲ್ಲಿ ಸಿಮರಾನ್, ಇಂಗಲ್ಸ್ ಅಂತ ಎರಡು ಸಣ್ಣ ಊರುಗಳು. ಯಾವುದು ಕೇಂದ್ರ ಆಗ್ಬೇಕು ಅಂತ ಇಬ್ಬರಿಗೂ ಹಠ. 1889ರ ಜನವರಿಯಲ್ಲಿ ಇಂಗಲ್ಸ್ ಕಡೆಯವರು ಬಂದೂಕು ಹಿಡ್ಕೊಂಡು ಸಿಮರಾನಿಗೆ ನುಗ್ಗಿದರು. ಎಂತಕ್ಕೆ? ಬ್ಯಾಂಕ್ ಲೂಟಿಗಲ್ಲ. ಸರಕಾರಿ ದಾಖಲೆ ಪುಸ್ತಕಗಳನ್ನು ಹೊತ್ತುಕೊಂಡು ಹೋಗ್ಲಿಕ್ಕೆ! ಗುಂಡು ಹಾರಿತು, ಜೀವ ಹೋಯಿತು. ಪುಸ್ತಕ ಎಲ್ಲಿ ಉಂಟೋ ಊರಿನ ಯಜಮಾನಿಕೆ ಅಲ್ಲಿ ಅಂತ ಅವರಿಗೆ ಗೊತ್ತಿತ್ತು. ಇವತ್ತು ಕೌಂಟಿ ಸೀಟ್ ಸಿಮರಾನೇ.

ಈಗ ನಮ್ಮ ಕಾರ್ಕಳಕ್ಕೆ ಬರುವ. ರೀಲ್ಸಿನಲ್ಲಿ ಬರುವ ಕಾರ್ಕಳ ನಿಮಗೆಲ್ಲ ಗೊತ್ತು. ಬಂಡೆಗುಡ್ಡದ ಮೇಲೆ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿನಿಂದಲೂ ಒಂದೇ ಥರ ಕಾಣ್ತದೆ. ಆನೆಕೆರೆ, ಹಿರಿಯಂಗಡಿಯ ಮಾನಸ್ತಂಭ, ಅತ್ತೂರು ಚರ್ಚಿನ ಜಾತ್ರೆ. ಜಾತ್ರೆಗೆ ಹೋಗಿ ಮೇಣದ ಬತ್ತಿ ಹಚ್ಚದ ಹಿಂದೂ ಮನೆ ನಮ್ಮ ಕಡೆ ಹುಡುಕಬೇಕು. ಧರ್ಮಸ್ಥಳದ ಬಾಹುಬಲಿ ಉಂಟಲ್ಲ, 39 ಅಡಿಯದ್ದು, ಅದನ್ನು ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ್ದು ಕಾರ್ಕಳದಲ್ಲೇ. 1973ರಲ್ಲಿ ಆ ಮೂರ್ತಿಯನ್ನು ದೊಡ್ಡ ವಾಹನದಲ್ಲಿ ಮಲಗಿಸಿಕೊಂಡು ಧರ್ಮಸ್ಥಳಕ್ಕೆ ತಗೊಂಡು ಹೋದರು. ರಸ್ತೆ ಬದಿಯಲ್ಲಿ ಜನ ಸೇರಿದ್ದನ್ನು ನೋಡಿದವರು ಈಗಲೂ ಸಿಗ್ತಾರೆ.

ಇದೆಲ್ಲ ಹೊರಗಿನವರು ನೋಡುವ ಕಾರ್ಕಳ. ನಾವು ಅಜೆಕಾರಿನವರು ಗೊಮ್ಮಟನನ್ನು ನೋಡ್ಲಿಕ್ಕೆ ಕಾರ್ಕಳಕ್ಕೆ ಹೋಗುವುದಿಲ್ಲ ಮಾರಾಯ್ರೆ. ನಾನೇ ಆ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ನಾವು ಹೋಗುವುದು ಆರ್‌ಟಿಸಿಗೆ, ನೋಂದಣಿಗೆ, ಕೋರ್ಟಿಗೆ, ಸರ್ವೆಗೆ. 2011ರ ಜನಗಣತಿಯಲ್ಲಿ ಸುಮಾರು 25 ಸಾವಿರ ಜನ ಇದ್ದ ಪುರಸಭೆ ಅದು. ರೈಲು ಇಲ್ಲ, ಸಮುದ್ರ ಇಲ್ಲ. ಆದರೂ ಬೆಳಗ್ಗಿನ ಬಸ್ಸುಗಳು ತುಂಬುವುದು ಅಲ್ಲಿಗೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಾಗದಪತ್ರ ಸುತ್ತಿ ಎದೆಗೆ ಅವುಚಿಕೊಂಡ ಹಿರಿಯರು ಒಬ್ಬರಾದರೂ ಇರ್ತಾರೆ, ಗಮನಿಸಿ.

ಅಜ್ಜಿ ಮೊದಲ ಸಲ ಅಂಥಾ ತೊಟ್ಟೆ ಹಿಡ್ಕೊಂಡು ಕಾರ್ಲಕ್ಕೆ ಹೋದದ್ದು ಎಪ್ಪತ್ತೈದೋ ಎಪ್ಪತ್ತಾರೋ ಇಸವಿಯಲ್ಲಿ. ಆಗ ಅಜ್ಜ ಚಾಲಗೇಣಿ ಒಕ್ಕಲು. ಅಂದ್ರೆ ಗದ್ದೆ ಧಣಿಗಳದ್ದು, ದುಡಿಮೆ ನಮ್ಮದು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗೇಣಿ ಅಳೆಯಬೇಕು. ಮಳೆ ಬಂದರೂ ಅಳೆಯಬೇಕು, ಬಾರದಿದ್ದರೂ ಅಳೆಯಬೇಕು. 1974ರ ಮಾರ್ಚ್ 1ಕ್ಕೆ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿಗೆ ಕೊಟ್ಟ ಜಮೀನು ಸರಕಾರಕ್ಕೆ ಸೇರ್ತದೆ, ಉಳುವ ಒಕ್ಕಲು ಫಾರ್ಮ್ 7 ತುಂಬಿಸಿ ಅರ್ಜಿ ಕೊಟ್ಟು ಅದನ್ನು ತನ್ನ ಹೆಸರಿಗೆ ಮಾಡಿಕೊಳ್ಳಬಹುದು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಷನ್ ಕೊಡುವುದು’ ಅಂತಾರೆ. ಈಗಲೂ ‘ಅದು ಡಿಕ್ಲರೇಷನ್ ಜಾಗ’ ಅಂತ ಮಾತು ಉಂಟು. ನೀವು ಕೇಳಿರ್ತೀರಿ, ಅರ್ಥ ಕೇಳಿರ್ಲಿಕ್ಕಿಲ್ಲ.

ತೀರ್ಮಾನ ಮಾಡುವುದು ತಾಲೂಕು ಮಟ್ಟದ ಭೂನ್ಯಾಯ ಮಂಡಳಿ. ಸಹಾಯಕ ಕಮಿಷನರ್ ದರ್ಜೆಯ ಅಧಿಕಾರಿ ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಶುರುವಿನ ವರ್ಷಗಳಲ್ಲಿ ಅಲ್ಲಿ ವಕೀಲರು ನಿಲ್ಲುವ ಹಾಗಿರಲಿಲ್ಲ, ಕಾನೂನಿನಲ್ಲೇ ಹಾಗಿತ್ತು. ಯೋಚನೆ ಮಾಡಿ. ಒಂದು ಕಡೆ ಓದು ಬರಹ ಬಾರದ ಒಕ್ಕಲು, ಇನ್ನೊಂದು ಕಡೆ ತಲೆಮಾರಿನಿಂದ ‘ಧಣಿಗಳೇ’ ಅಂತ ಕರೆದು ಅಂಗಳದಲ್ಲೇ ನಿಂತು ಮಾತಾಡಿದ ಮನೆಯವರು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎದುರು.

ಅಜ್ಜಿ ಹೇಳುವ ಪ್ರಕಾರ ಆ ದಿನ ಇಬ್ಬರೂ ಹೋದದ್ದು ಒಂದೇ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಧಣಿಗಳ ಮಗ, ಹಿಂದೆ ಅಜ್ಜ ಅಜ್ಜಿ. ಹಿರ್ಗಾನ ದಾಟಿದರೂ ಯಾರೂ ಮಾತಾಡಲಿಲ್ಲವಂತೆ. ಅಜ್ಜನ ಹತ್ತಿರ ಗೇಣಿ ಕೊಟ್ಟ ರಶೀದಿ ಒಂದೂ ಇರಲಿಲ್ಲ. ರಶೀದಿ ಕೇಳುವ ಧೈರ್ಯ ಯಾರಿಗಿತ್ತು? ಮಂಡಳಿಯವರು ‘ಯಾವ್ಯಾವ ಗದ್ದೆ ಮಾಡ್ತೀಯ, ಹೇಳು’ ಅಂದರು. ಅಜ್ಜ ಶುರು ಮಾಡಿದರು. ಬೈಲು ಗದ್ದೆ, ಮಜಲು, ಬೆಟ್ಟು. ಯಾವುದಕ್ಕೆ ನೀರು ಎಲ್ಲಿಂದ, ಯಾವ ಹುಣಿ ಯಾವ ಮಳೆಗಾಲದಲ್ಲಿ ಜರಿದದ್ದು, ಯಾವ ಮೂಲೆಯಲ್ಲಿ ಕೋಣ ಹೂಳ್ತದೆ, ಎಲ್ಲ. ಮತ್ತೆ ಧಣಿಗಳ ಮಗನ ಕಡೆ ತಿರುಗಿ ಅದನ್ನೇ ಕೇಳಿದರಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನು ಮಾಡುವುದು ಹೌದು’ ಅಂದರು.

ಅಷ್ಟೇ ಮಾತು. ಅಜ್ಜಿ ಈ ಜಾಗಕ್ಕೆ ಬಂದಾಗ ಯಾವಾಗಲೂ ಎರಡು ಸಲ ಹೇಳ್ತಾರೆ, ‘ಆರ್ ಸುಳ್ಳು ಪಣ್‌ತಿಜೆರ್’. ಅವರು ಸುಳ್ಳು ಹೇಳಲಿಲ್ಲ.

ಎಲ್ಲ ಕಡೆ ಹೀಗೇ ಆಗಲಿಲ್ಲ. ಹೆದರಿ ಅರ್ಜಿಯೇ ಕೊಡದವರಿದ್ದರು, ಧಣಿಗಳ ಮುಖ ನೋಡಿ ಕೊಟ್ಟ ಅರ್ಜಿ ವಾಪಸ್ ತಗೊಂಡವರಿದ್ದರು. ಅರ್ಜಿ ಕೊಡ್ಲಿಕ್ಕೆ ಕೊನೆಯ ದಿನ 1979ರ ಜೂನ್ 30. ಅದು ದಾಟಿದ ಮೇಲೆ ಪರಿತಪಿಸಿದ ಮನೆಗಳ ಕಥೆ ಬೇರೆಯೇ ಒಂದು ಸಂಚಿಕೆ ಬೇಕು. ಇನ್ನೊಂದು ಬದಿಯೂ ಉಂಟು. ಕಳಕೊಂಡವರೆಲ್ಲ ದೊಡ್ಡ ಧಣಿಗಳಲ್ಲ. ಎರಡೆಕರೆ ಗೇಣಿಗೆ ಕೊಟ್ಟು ಅದರಲ್ಲೇ ಊಟ ಮಾಡುತ್ತಿದ್ದ ವಿಧವೆಯರೂ ಇದ್ದರು. ದೇವಸ್ಥಾನ, ಬಸದಿಗಳ ಗೇಣಿ ಜಮೀನೂ ಹೋಯಿತು. ಅವರ ಮೊಮ್ಮಕ್ಕಳೂ ಈ ಪಾಡ್‌ಕಾಸ್ಟ್ ಕೇಳ್ತಾ ಇರಬಹುದು. ಕೇಳ್ತಾ ಇದ್ದರೆ ನಿಮ್ಮ ಮನೆಯ ಕಥೆಯನ್ನೂ ಕೇಳುವ ಆಸೆ ನನಗುಂಟು.

ಅಜ್ಜನಿಗೆ ಆರ್ಡರ್ ಆಯಿತು, ಕಂತು ಕಟ್ಟಿದ ಮೇಲೆ ಫಾರ್ಮ್ 10ರ ಸರ್ಟಿಫಿಕೇಟು ಬಂತು. ನಮ್ಮ ಮನೆಯ ಹೆಸರು ಸರಕಾರದ ಪುಸ್ತಕವೊಂದರಲ್ಲಿ ಮಾಲಿಕ ಅಂತ ಮೊದಲ ಸಲ ಬರೆಯಲ್ಪಟ್ಟದ್ದು ಹಾಗೆ, ಕಾರ್ಕಳದಲ್ಲಿ. ಅದೇ ಗದ್ದೆಯ ಭತ್ತದಲ್ಲಿ ಅಪ್ಪ ಓದಿದ್ದು, ಅಪ್ಪನ ಸಂಬಳದಲ್ಲಿ ನಾನು ನಿಟ್ಟೆಯಲ್ಲಿ ಓದಿದ್ದು.

ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೂ ನಮ್ಮದು ಕಾರ್ಕಳ ತಾಲೂಕು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, 1997ರಲ್ಲಿ ದಕ್ಷಿಣ ಕನ್ನಡ ಬಿಟ್ಟು ಉಡುಪಿ ಜಿಲ್ಲೆಯವರಾದೆವು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಕಾಗದದ ಕೆಲಸಕ್ಕೆ ಹೋಗುವ ಊರು ಮಾತ್ರ ಅದೇ. 2018ರಲ್ಲಿ ಅದೂ ಸ್ವಲ್ಪ ಅಲ್ಲಾಡಿತು, ಹೆಬ್ರಿ ತಾಲೂಕು ಆದಾಗ. ಹೆಬ್ರಿಯವರು ಎಷ್ಟೋ ವರ್ಷ ಕೇಳಿ ಪಡೆದದ್ದು, ನ್ಯಾಯವೇ. ಘಟ್ಟದ ಬುಡದಿಂದ ಕಾರ್ಕಳಕ್ಕೆ ಬಂದು ಒಂದು ಸಹಿಗೆ ಇಡೀ ದಿನ ಕಳೆಯುವ ಕಷ್ಟ ಅವರಿಗೇ ಗೊತ್ತು. ಗುಂಡು ಹಾರಲಿಲ್ಲ, ಯಾರೂ ಪುಸ್ತಕ ಕದಿಯಲಿಲ್ಲ. ನಮ್ಮ ಪಕ್ಕದ ಮುನಿಯಾಲು, ಕೆರೆ ಬಸದಿಯ ವರಂಗ ಆ ಕಡೆ ಹೋದವು, ಅಜೆಕಾರು ಕಾರ್ಕಳದಲ್ಲೇ ಉಳಿಯಿತು. ಮದುವೆ ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ‘ನೀವೀಗ ಬೇರೆ ತಾಲೂಕಿನವರು’ ಅಂತ ತಮಾಷೆ ಮಾಡುವಷ್ಟಕ್ಕೆ ಮುಗೀತು.

ಈಗ ಬೇರೆಯೇ ಗಾಳಿ. ಆರ್‌ಟಿಸಿ ಮೊಬೈಲಿನಲ್ಲಿ ಸಿಗ್ತದೆ. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿ ಸಾಕು. ಭೂ ಸುರಕ್ಷಾ ಅನ್ನುವ ಯೋಜನೆಯಲ್ಲಿ ರಾಜ್ಯದ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೇ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡ್ತಾ ಇದ್ದಾರೆ. ಒಳ್ಳೆಯದೇ. ಗೆದ್ದಲು ಹಿಡಿಯುವುದು ತಪ್ಪಿತು. ನನ್ನ ವಯಸ್ಸಿನವರು ಕಾರ್ಕಳಕ್ಕೆ ಹೋಗುವುದೇ ಕಮ್ಮಿ. ಓದ್ಲಿಕ್ಕೆ ಮಣಿಪಾಲ, ದುಡೀಲಿಕ್ಕೆ ಬೆಂಗಳೂರು. ನಾಳೆ ಯಾವ ಪುಸ್ತಕವೂ ಯಾವ ಪೇಟೆಯಲ್ಲೂ ಇರ್ಲಿಕ್ಕಿಲ್ಲ.

ಹೋದ ತಿಂಗಳು ರಜೆಯಲ್ಲಿ ಮನೆಗೆ ಹೋದಾಗ ಅಪ್ಪ ಆ ಮಂಡಳಿಯ ಆರ್ಡರಿನ ದೃಢೀಕೃತ ಪ್ರತಿ ತಂದಿಟ್ಟಿದ್ದರು. ನಾನು ಓದಿ ತುಳುವಿನಲ್ಲಿ ಅಜ್ಜಿಗೆ ಹೇಳಿದೆ. ಸರ್ವೆ ನಂಬರು, ಎಕರೆ, ಸೆಂಟ್ಸು, ಅಜ್ಜನ ಹೆಸರು, ಅಜ್ಜನ ಅಪ್ಪನ ಹೆಸರು. ಅಜ್ಜಿ ಪೂರ್ತಿ ಕೇಳಿ, ‘ಗದ್ದೆದ ಪುದರ್ ಇಜ್ಜಾ?’ ಅಂದರು. ಗದ್ದೆಗಳ ಹೆಸರು ಇಲ್ಲವಾ?

ಇರಲಿಲ್ಲ. ಅಜ್ಜ ಆ ದಿನ ಹೇಳಿದ ಒಂದು ಹೆಸರೂ ಅದರಲ್ಲಿ ಇರಲಿಲ್ಲ, ನಂಬರು ಮಾತ್ರ. ಅಜ್ಜಿಗೆ ಎಲ್ಲ ನೆನಪುಂಟು. ಅಲ್ಲೇ ಜಗಲಿಯಲ್ಲಿ ಕೂತು ಒಂದೊಂದಾಗಿ ಹೇಳಿದರು, ನಾನು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಏಳು ನಿಮಿಷ ಉಂಟು. ನಡುವೆ ಕೋಳಿ ಕೂಗ್ತದೆ, ಸಹಿಸ್ಕೊಳ್ಳಿ. ಈಗ ಅದನ್ನೇ ಹಾಕ್ತೇನೆ.