ಸಾಕು ಬೆಕ್ಕಿನ ಆಹಾರ ಮತ್ತು ಸಯಾಮೀಸ್ ತಳಿಯ ಪರಿಚಯ

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ದನ, ಎಮ್ಮೆ, ಕುರಿ, ಕೋಳಿಗಳ ಮೇವು ಮತ್ತು ಆಹಾರದ ವಿಷಯ ಇಂತಹ ಶಿಬಿರಗಳಲ್ಲಿ ಮೇಲಿಂದ ಮೇಲೆ ಚರ್ಚೆಗೆ ಬರುತ್ತದೆ. ಆದರೆ ಕಣಜದ ಕಾವಲುಗಾರನಾದ ಬೆಕ್ಕಿನ ಆಹಾರದ ಬಗ್ಗೆ ಯೋಚಿಸುವವರು ಕಡಿಮೆ. ಉಂಡು ಉಳಿದ ಅನ್ನಕ್ಕೆ ಒಂದಿಷ್ಟು ಹಾಲು ಸುರಿದರೆ ಬೆಕ್ಕಿನ ಪಾಲು ಮುಗಿಯಿತೆಂದು ಅನೇಕ ಮನೆಗಳಲ್ಲಿ ತಿಳಿಯಲಾಗಿದೆ. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಟ್ಟನೆಂಬ ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ಗೊತ್ತು. ಕಥೆಗೆ ಅದು ಸರಿ. ಆದರೆ ಬೆಕ್ಕಿನ ದೇಹದ ಅಗತ್ಯವೇ ಬೇರೆ.

ಬೆಕ್ಕಿಗೆ ಮಾಂಸವೇ ಏಕೆ ಬೇಕು?

ನಾಯಿ ಅನ್ನ, ರೊಟ್ಟಿ, ಮುದ್ದೆಗಳಿಗೆ ಬಹುಮಟ್ಟಿಗೆ ಹೊಂದಿಕೊಂಡಿದೆ. ಬೆಕ್ಕು ಹಾಗಲ್ಲ. ಅದು ಕಟ್ಟುನಿಟ್ಟಾದ ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ಪ್ರಮಾಣದಲ್ಲಿ ತಯಾರಿಸಿಕೊಳ್ಳಲಾರದು. ಟಾರಿನ್ ಮಾಂಸ ಮತ್ತು ಮೀನಿನಲ್ಲಿದೆ. ಅಕ್ಕಿ, ರಾಗಿ, ಬೇಳೆಗಳಲ್ಲಿ ಇಲ್ಲವೆನ್ನಬಹುದು. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯುಗಳು ದುರ್ಬಲವಾಗುತ್ತವೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹೃದಯದ ತೊಂದರೆ ಬೇಗ ಗೊತ್ತಾದರೆ ಸರಿಪಡಿಸಬಹುದು. ಆದರೆ ಹೋದ ದೃಷ್ಟಿ ಮರಳಿ ಬಾರದು. ಇದಲ್ಲದೆ ಗಜ್ಜರಿ, ಸೊಪ್ಪುಗಳಲ್ಲಿರುವ ಹಳದಿ ವರ್ಣದ್ರವ್ಯವನ್ನು ಮನುಷ್ಯರಂತೆ 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ.

ಹಾಗಾದರೆ ಹಾಲು ಅನ್ನ ತಿಂದೇ ಹಳ್ಳಿಯ ಬೆಕ್ಕುಗಳು ಬದುಕಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಅವು ಬದುಕಿರುವುದು ಹಾಲು ಅನ್ನದಿಂದಲ್ಲ, ಇಲಿಯಿಂದ. ಮಾಂಸ, ಎಲುಬು, ಯಕೃತ್ತು, ಹೃದಯ ಎಲ್ಲವೂ ಇರುವ ಇಲಿ ಬೆಕ್ಕಿಗೆ ಪರಿಪೂರ್ಣ ಊಟ. ಬಾಗಿಲು ಮುಚ್ಚಿದ ಮನೆಯಲ್ಲಿ ಬೆಳೆಯುವ ಬೆಕ್ಕಿಗೆ ಈ ಊಟ ಸಿಗುವುದಿಲ್ಲ. ಅದಕ್ಕೆ ಬೇಕಾದುದೆಲ್ಲವೂ ಯಜಮಾನನ ಕೈಯಿಂದಲೇ ಬರಬೇಕು.

ದಿನದ ಆಹಾರ

ಸುಮಾರು 4 ಕಿಲೋ ತೂಕದ ಬೆಳೆದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕಿಲೋ ಕ್ಯಾಲೊರಿ ಶಕ್ತಿ ಸಾಕು. ಬೇಯಿಸಿದ ಕೋಳಿಮಾಂಸ 100 ಗ್ರಾಂ, ಬೇಯಿಸಿದ ಅರ್ಧ ಮೊಟ್ಟೆ ಹಾಗೂ ಒಂದು ಸಣ್ಣ ಹಿಡಿ ಅನ್ನ ಸೇರಿದರೆ ಇಷ್ಟು ಶಕ್ತಿ ಒದಗುತ್ತದೆ. ಇದನ್ನು ಎರಡು ಮೂರು ಸಲ ಹಂಚಿ ಕೊಡಬೇಕು. ಬೇಯಿಸಿದಾಗ ಟಾರಿನ್ ನೀರಿಗೆ ಇಳಿಯುವುದರಿಂದ ಆ ರಸವನ್ನು ಚೆಲ್ಲದೆ ಅನ್ನಕ್ಕೆ ಬೆರೆಸಬೇಕು. ಕೋಳಿಯ ಹೃದಯ ಒಳ್ಳೆಯ ಆಹಾರ. ಯಕೃತ್ತು ವಾರಕ್ಕೆ ಒಂದೆರಡು ತುಂಡು ಮಾತ್ರ ಸಾಕು. ಪ್ರತಿದಿನ ಹೆಚ್ಚಾಗಿ ಕೊಟ್ಟರೆ 'ಎ' ಜೀವಸತ್ವ ಮಿತಿಮೀರಿ ಎಲುಬುಗಳಿಗೆ ಕೇಡು.

ಬರಿಯ ಮಾಂಸದಲ್ಲಿ ಸುಣ್ಣದಂಶ ಕಡಿಮೆ. ಮಾಂಸವನ್ನಷ್ಟೇ ತಿಂದು ಬೆಳೆದ ಮರಿಗಳ ಎಲುಬು ಮೆತ್ತಗಾಗಿ ಮುರಿಯುವುದುಂಟು. ಬೂತಾಯಿಯಂತಹ ಸಣ್ಣ ಮೀನನ್ನು ಮುಳ್ಳು ಮೆತ್ತಗಾಗುವಂತೆ ಕುಕ್ಕರಿನಲ್ಲಿ ಬೇಯಿಸಿ, ಕಿವುಚಿ ಆಗಾಗ್ಗೆ ಕೊಡುವುದು ಉತ್ತಮ. ಕೆಲವು ಹಸಿ ಮೀನುಗಳಲ್ಲಿ 'ಬಿ1' ಜೀವಸತ್ವವನ್ನು ಕೆಡಿಸುವ ಕಿಣ್ವ ಇರುವುದರಿಂದ ಬೇಯಿಸದೆ ಕೊಡಬಾರದು. ಮಾಂಸ ತರದ ಮನೆಗಳಲ್ಲಿ ಬೆಕ್ಕಿಗಾಗಿಯೇ ತಯಾರಾದ ಸಮತೋಲನ ಆಹಾರದ ಪೊಟ್ಟಣ ಸುಲಭದ ದಾರಿ. ನಾಯಿಯ ಆಹಾರ ಇದಕ್ಕೆ ಬದಲಾಗದು.

ಹಾಲು ಮರಿಗಳಿಗೆ ತಾಯಿಯದೇ ಇರಲಿ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಆದರೆ ಶುದ್ಧ ನೀರು ಸದಾ ಬೇಕು. ಬೆಕ್ಕಿನ ಪೂರ್ವಜರು ಒಣಪ್ರದೇಶದವು. ನೀರು ಕುಡಿಯುವುದು ಕಡಿಮೆ. ಒಣ ಆಹಾರ ತಿನ್ನುವ ಬೆಕ್ಕಿಗೆ ನೀರಿಲ್ಲದಿದ್ದರೆ ಮೂತ್ರದ ತೊಂದರೆ ಬರಬಹುದು.

ಮರಿಗಳಿಗೆ ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರ ಆರಂಭಿಸಿ, ಎಂಟನೆಯ ವಾರದ ಹೊತ್ತಿಗೆ ತಾಯಿಹಾಲು ಬಿಡಿಸಬಹುದು. ಜಂತುಹುಳುವಿನ ಔಷಧಿ ಮತ್ತು ಮೂರು ತಿಂಗಳಿಗೆ ಹುಚ್ಚುರೋಗ ನಿರೋಧಕ ಲಸಿಕೆಯನ್ನು ತಪ್ಪಿಸಬಾರದು.

ಇಲಿ ಹಿಡಿಯುವ ಬೆಕ್ಕನ್ನು ಉಪವಾಸ ಕೆಡವಬೇಕೇ?

ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎಂಬ ನಂಬಿಕೆ ತಪ್ಪು. ಬೇಟೆ ಅದರ ಹುಟ್ಟುಗುಣ. ಇಂಗ್ಲೆಂಡಿನ ಜೀವಿವಿಜ್ಞಾನಿ ಚಾರ್ಲ್ಸ್ ಎಲ್ಟನ್ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಹೆಗ್ಗಣಗಳನ್ನು ತೆಗೆದುಹಾಕಿದ ತೋಟದ ಮನೆಗಳಲ್ಲಿ ಬೆಕ್ಕುಗಳು ಅವು ಮತ್ತೆ ಬಾರದಂತೆ ತಡೆಯಬಲ್ಲವೆಂದು ಕಂಡುಬಂತು. ಆದರೆ ಮನೆಯಲ್ಲಿ ಆಹಾರ ಸಿಕ್ಕರೆ ಮಾತ್ರ ಬೆಕ್ಕು ಅಲ್ಲಿ ನೆಲೆ ನಿಲ್ಲುತ್ತದೆ. ಹಸಿದ ಬೆಕ್ಕು ಊರು ಅಲೆಯುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳು. ಸತು ಫಾಸ್ಫೈಡ್ ಅಥವಾ ಬ್ರೊಮಾಡಿಯೊಲೋನ್ ಇಟ್ಟ ದಿನಗಳಲ್ಲಿ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ, ಸತ್ತ ಇಲಿಗಳನ್ನು ಆಯ್ದು ಹೂಳಬೇಕು. ವಿಷ ತಿಂದ ಇಲಿ ಬೆಕ್ಕಿಗೂ ವಿಷ. ದನಗಳ ಉಣ್ಣಿಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿಗಳನ್ನು ಬೆಕ್ಕಿಗೆ ಹಚ್ಚಬಾರದು. ಅವುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಡುಕ, ಸೆಳೆತ ಬಂದು ಸಾಯಬಹುದು. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟರೂ ಇದೇ ಗತಿ. ಒಂದು ಮಾತ್ರೆಯೇ ಪ್ರಾಣ ತೆಗೆಯಬಲ್ಲದು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಕೂಡ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಸಯಾಮೀಸ್ ಬೆಕ್ಕು

ಬೆಕ್ಕಿಗೆ ಮನೆಯ ಮೇಲೆ ಪ್ರೀತಿಯೇ ಹೊರತು ಮನುಷ್ಯರ ಮೇಲಲ್ಲ ಎನ್ನುವವರು ಸಯಾಮೀಸ್ ತಳಿಯನ್ನು ನೋಡಬೇಕು. ಇದರ ತವರು ಇಂದಿನ ಥಾಯ್ಲೆಂಡ್, ಅಂದರೆ ಹಿಂದಿನ ಸಯಾಂ ದೇಶ. ಅಲ್ಲಿನ ಹಳೆಯ ಹಸ್ತಪ್ರತಿಗಳಲ್ಲಿ ಇದರ ಚಿತ್ರಗಳಿವೆ. 1884ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಗೌಲ್ಡ್ ಒಂದು ಜೋಡಿಯನ್ನು ತನ್ನ ಸಹೋದರಿಗಾಗಿ ಇಂಗ್ಲೆಂಡಿಗೆ ಒಯ್ದನು.

ತೆಳುವಾದ ಉದ್ದ ಮೈ, ನೀಲಿ ಕಣ್ಣು, ಕೆನೆಬಣ್ಣದ ಕೂದಲು. ಮುಖ, ಕಿವಿ, ಪಾದ, ಬಾಲಗಳು ಮಾತ್ರ ಕಪ್ಪು ಅಥವಾ ಕಂದು. ಈ ಬಣ್ಣದ ಗುಟ್ಟು ಶಾಖದಲ್ಲಿದೆ. ಬಣ್ಣ ತಯಾರಿಸುವ ಕಿಣ್ವ ಮೈಯ ಬೆಚ್ಚನೆಯ ಭಾಗದಲ್ಲಿ ಕೆಲಸ ಮಾಡದು, ತಂಪಾದ ತುದಿಗಳಲ್ಲಿ ಮಾತ್ರ ಮಾಡುತ್ತದೆ. ತಾಯಿಯ ಗರ್ಭದ ಬಿಸುಪಿನಲ್ಲಿ ಬೆಳೆದ ಮರಿಗಳು ಆದ್ದರಿಂದಲೇ ಬೆಳ್ಳಗೆ ಹುಟ್ಟುತ್ತವೆ.

ಸ್ವಭಾವದಲ್ಲಿ ಇದು ಮಾತುಗಾರ. ಯಜಮಾನನ ಹಿಂದೆಯೇ ಕೋಣೆಯಿಂದ ಕೋಣೆಗೆ ಬರುತ್ತದೆ, ಕೂಗಿ ಕರೆಯುತ್ತದೆ, ಮಡಿಲೇರಿ ಮಲಗುತ್ತದೆ. ದಿನವಿಡೀ ಬೀಗ ಹಾಕಿರುವ ಮನೆಗೆ ಈ ತಳಿ ಒಗ್ಗದು, ಒಂಟಿತನದಿಂದ ಮಂಕಾಗುತ್ತದೆ. ಸಾಮಾನ್ಯವಾಗಿ ಮನೆಯೊಳಗೇ ಸಾಕುವುದರಿಂದ ಮೇಲೆ ಹೇಳಿದ ಆಹಾರಕ್ರಮ ಇದಕ್ಕೆ ಇನ್ನಷ್ಟು ಅವಶ್ಯಕ. ಯಾವುದೇ ಬೆಕ್ಕು ಎರಡು ದಿನ ಆಹಾರ ಮುಟ್ಟದಿದ್ದರೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ಒಟ್ಟಿನಲ್ಲಿ, ನಾಡ ಬೆಕ್ಕಾಗಲಿ, ಸಯಾಮೀಸ್ ಆಗಲಿ, ಅದರ ಬಟ್ಟಲಿನಲ್ಲಿ ಅನ್ನಕ್ಕಿಂತ ಮಾಂಸದ ಅಂಶ ಹೆಚ್ಚಿರಬೇಕು. ಕತ್ತಲಲ್ಲಿ ಕಣಜ ಕಾಯುವ ಪ್ರಾಣಿಯ ಕಣ್ಣು ಉಳಿಯುವುದು ಇದರಿಂದಲೇ.