ಜಾವಾ ಬಂಡಿ ಮತ್ತು ಅದನ್ನು ಕಟ್ಟಿದ ಕೈಗಳು

(ಚಿತ್ರದುರ್ಗದಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)

ಹೊಳಲ್ಕೆರೆ, ಹೊಸದುರ್ಗಗಳ ವರ್ತಕರೂ ಹಿರಿಯೂರಿನ ಗಿರಣಿ ಕೆಲಸಗಾರರೂ ಇಲ್ಲಿ ಸೇರಿದ್ದೀರಿ. ಜಾವಾ ಎಂದೊಡನೆ ಹಿರಿಯರ ಮುಖ ಅರಳುತ್ತದೆ. ಜೋಡಿ ಸೈಲೆನ್ಸರಿನ ಆ ಸದ್ದು, ಒದ್ದು ಸ್ಟಾರ್ಟ್ ಮಾಡಿದ ಕಿಕ್ಕರನ್ನೇ ಮುಂದಕ್ಕೆ ತಂದು ಗೇರು ಹಾಕುವ ಆ ಚಮತ್ಕಾರ, ಮರೆಯುವಂಥದಲ್ಲ.

ಜಾವಾ ಎಂಬುದು 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಹೆಸರು. ಆ ಕಂಪನಿಯ ಲೈಸೆನ್ಸ್ ಪಡೆದು ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಯಾದವಗಿರಿಯಲ್ಲಿ ಬಂಡಿಗಳು ತಯಾರಾದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಪರದೇಶದ ನಕ್ಷೆಯನ್ನು ನಮ್ಮ ಕಾರ್ಮಿಕರ ಕೈ ನಮ್ಮ ರಸ್ತೆಯ ಬಂಡಿಯನ್ನಾಗಿ ಮಾಡಿತು.

ಎಂಬತ್ತರ ದಶಕದಲ್ಲಿ ಜಪಾನಿ ಸಹಯೋಗದ 100 ಸಿ.ಸಿ. ಬಂಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಲೀಟರಿಗೆ ಬಹು ದೂರ ಓಡುತ್ತಿತ್ತು. ಯೆಜ್ಡಿಗೋ ಪೆಟ್ರೋಲಿನ ಜೊತೆ ಆಯಿಲನ್ನೂ ಬೆರೆಸಬೇಕು. ದಿನದ ಲಾಭವನ್ನು ಕಾಸು ಕಾಸಾಗಿ ಎಣಿಸುವ ವರ್ತಕ ಕಡಿಮೆ ಖರ್ಚಿನ ಬಂಡಿಗೆ ಹೋದರೆ ಅದು ದ್ರೋಹವಲ್ಲ. ಮೇಲೆ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ನಿಂತಿತು.

ಕಾರ್ಮಿಕರ ಗಲಾಟೆಯಿಂದಲೇ ನಿಂತಿತೆಂದು ಹೇಳುವವರುಂಟು. ನಾನು ಕೇಳುತ್ತೇನೆ: ಎಂಜಿನ್ನಿನ ನಕ್ಷೆಯನ್ನು ಫಿಟ್ಟರ್ ತೀರ್ಮಾನಿಸುವನೇ? ಹೊಸ ಯಂತ್ರಕ್ಕೆ ಹಣ ಹಾಕುವುದೋ ಬಿಡುವುದೋ ಎಂಬುದನ್ನು ಕೂಲಿಯವನನ್ನು ಕೇಳಿ ಗೊತ್ತುಮಾಡುವರೇ? ತೀರ್ಮಾನದಲ್ಲಿ ಪಾಲಿಲ್ಲದವನು ನಷ್ಟದಲ್ಲಿ ಮಾತ್ರ ಪಾಲುದಾರನಾಗುವುದು ಯಾವ ನ್ಯಾಯ?

2018ರಲ್ಲಿ ಜಾವಾ ಮರಳಿ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಆದರೆ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರಿಗೆ ಬೆಲೆ ಉಳಿದಿತ್ತು. ಆ ಹೆಸರಿಗೆ ಬೆಲೆ ತಂದ ಮೈಸೂರಿನ ಕೈಗಳಿಗೆ ಮತ್ತೆ ಕರೆ ಬರಲಿಲ್ಲ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಭಿಮಾನಿಗಳು ಹಳೆಯ ಬಂಡಿಗಳನ್ನು ತೊಳೆದು ಮೆರವಣಿಗೆ ಹೊರಡಿಸುತ್ತಾರೆ. ಸಂತೋಷ. ಆ ಬಂಡಿಗಳು ಇಂದಿಗೂ ಓಡುತ್ತಿರುವುದು ಊರೂರಿನ ಸಣ್ಣ ಗ್ಯಾರೇಜಿನ ಮೇಸ್ತ್ರಿಗಳಿಂದ. ಅವರನ್ನೂ ನೆನೆಯಿರಿ.

ಗಿರಣಿಯ ಬಂಧುಗಳೇ, ನಿಮ್ಮ ಯಂತ್ರ ಹಳತಾಗುತ್ತಿದೆಯೇ? ಬೀಗ ಬೀಳುವ ಮೊದಲೇ ಮುಂದಿನ ಯೋಜನೆಯೇನೆಂದು ಒಟ್ಟಾಗಿ ಕೇಳಿ. ಕಂಪನಿ ದಿವಾಳಿಯಾಗಿ ಆಸ್ತಿ ಮಾರಾಟಕ್ಕೆ ಬಂದರೆ, 2016ರ ದಿವಾಳಿ ಕಾನೂನಿನ ಪ್ರಕಾರ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡವಿನ ಸಾಲ ಕೊಟ್ಟವರ ಸರಿಸಮ ಸ್ಥಾನವಿದೆ. ಆದುದರಿಂದ ಸಂಬಳದ ಚೀಟಿ, ಹಾಜರಿಯ ದಾಖಲೆಗಳನ್ನು ಜೋಪಾನವಾಗಿಡಿ. ಹಕ್ಕು ಕೇಳುವ ದಿನ ಕೈಯಲ್ಲಿ ಕಾಗದವಿರಲಿ, ಪಕ್ಕದಲ್ಲಿ ಸಂಗಾತಿಗಳಿರಲಿ.