ಕೋವಿ ಮತ್ತು ವಿವೇಕ

ಕೊಡಗಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಹಬ್ಬ ನಡೆಯುತ್ತದೆ. ನಾಟಿ ಮುಗಿಯುವವರೆಗೆ ಒಳಗಿರಿಸಿದ್ದ ಆಯುಧಗಳನ್ನು ಹೊರತೆಗೆದು, ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಆಯುಧ ಕಾಯಿದೆಯ ಪರವಾನಗಿಯಿಂದ ವಿನಾಯಿತಿಯುಂಟು. ಮಲೆನಾಡಿನ ಇತರೆಡೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಪೂಜೆಗೆ ಅರ್ಹವಾದ ವಸ್ತು ಎಚ್ಚರಕ್ಕೂ ಅರ್ಹವಾದುದು ಎಂಬುದನ್ನು ನಾವು ನೆನೆಯಬೇಕಾಗಿದೆ.

ಮೊದಲನೆಯ ನಿಯಮ: ಪ್ರತಿಯೊಂದು ಕೋವಿಯಲ್ಲೂ ಈಡು ಇದೆಯೆಂದೇ ಭಾವಿಸಬೇಕು. 'ಇದು ಖಾಲಿ' ಎಂಬ ನಂಬಿಕೆಯಷ್ಟು ಅಪಾಯಕರವಾದುದು ಬೇರಿಲ್ಲ. ಇನ್ನೊಬ್ಬರ ಕೈಗೆ ಕೊಡುವ ಮುನ್ನ ತೋಟಾ ಕೋವಿಯನ್ನು ಮಡಿಸಿ, ನಳಿಗೆ ಬರಿದಾಗಿರುವುದನ್ನು ಕಣ್ಣಾರೆ ತೋರಿಸಬೇಕು; ಪಡೆಯುವವನೂ ತಾನೇ ನೋಡಿಕೊಳ್ಳಬೇಕು. ಇದು ಅಪನಂಬಿಕೆಯಲ್ಲ, ಸೌಜನ್ಯ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಿ ಹೀಗೆ ನೋಡುವ ಅನುಕೂಲವಿಲ್ಲ. ಆದುದರಿಂದ ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು.

ಎರಡನೆಯದು, ನಳಿಗೆಯ ಬಾಯಿ ಯಾವ ಕ್ಷಣದಲ್ಲೂ ಮನುಷ್ಯರತ್ತ ತಿರುಗಬಾರದು, ಹಾಸ್ಯಕ್ಕೂ ಕೂಡದು. ಮೂರನೆಯದು, ಗುರಿಯಿಟ್ಟು ನಿಶ್ಚಯಿಸುವವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. ಎಡವಿದಾಗ, ಬೆಚ್ಚಿದಾಗ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ. ಆಗ ಬೆರಳು ಬುದ್ಧಿಯ ಅಪ್ಪಣೆಯನ್ನು ಕಾಯುವುದಿಲ್ಲ. ಬೇಲಿ ದಾಟುವಾಗ, ಹಳ್ಳ ಇಳಿಯುವಾಗ ಈಡನ್ನು ತೆಗೆದೇ ಸಾಗಬೇಕು.

ನಾಲ್ಕನೆಯ ನಿಯಮಕ್ಕೆ ರಾಮಾಯಣವೇ ಸಾಕ್ಷಿ. ಸರಯೂ ತೀರದ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ದಶರಥನು ಆನೆಯ ಸದ್ದೆಂದು ಬಗೆದನು. ಶಬ್ದವೇಧಿ ವಿದ್ಯೆಯಲ್ಲಿ ಅವನಿಗೆ ಕೊರತೆಯಿರಲಿಲ್ಲ. ಬಾಣ ಗುರಿ ತಪ್ಪಲೂ ಇಲ್ಲ. ಸತ್ತವನು ಮಾತ್ರ ಕುರುಡ ತಂದೆತಾಯಿಯರ ಮಗ. ಪೊದೆ ಅಲುಗಿತೆಂದು ಹಂದಿಯನ್ನು ಊಹಿಸಿ ಗುಂಡು ಹಾರಿಸಿ, ಜೊತೆಗಾರನನ್ನೇ ಕಳೆದುಕೊಂಡವರ ಸುದ್ದಿಯನ್ನು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತೇವೆ. ಗುರಿಯನ್ನು ಕಣ್ಣಿನಿಂದ ಗುರುತಿಸದೆ, ಅದರ ಹಿಂದೇನಿದೆಯೆಂದು ಅರಿಯದೆ ಹಾರಿಸಕೂಡದು. ಚಿಕ್ಕದೆನಿಸುವ .22 ರೈಫಲಿನ ಗುಂಡು ಕೂಡ ಒಂದು ಮೈಲಿಗೂ ಹೆಚ್ಚು ದೂರ ಸಾಗಬಲ್ಲದು.

ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ಒಡನೆ ತೆರೆದು ನೋಡಬಾರದು; ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಕಾಯಬೇಕು. ನಳಿಗೆಯಲ್ಲಿ ಮಣ್ಣೋ ಬಟ್ಟೆಯ ಚೂರೋ ಸಿಕ್ಕಿದ್ದರೆ ಕೋವಿಯೇ ಸಿಡಿದೀತು. ಮದ್ಯ ಸೇವಿಸಿದವನು ಅದನ್ನು ಮುಟ್ಟಲೇಬಾರದು.

ಮನೆಯಲ್ಲಿ ಕೋವಿಗೊಂದು ಬೀಗ, ತೋಟಾಗಳಿಗೆ ಬೇರೊಂದು ಬೀಗ, ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ: ಇಷ್ಟು ವ್ಯವಸ್ಥೆ ಅನೇಕ ಮನೆಗಳ ದುಃಖವನ್ನು ತಡೆದೀತು. ಮದುವೆ ಮೆರವಣಿಗೆಗಳಲ್ಲಿ ಆಕಾಶಕ್ಕೆ ಹಾರಿಸಿದ ಗುಂಡು ಆಕಾಶದಲ್ಲೇ ಉಳಿಯುವುದಿಲ್ಲ. ಸಂಭ್ರಮಕ್ಕಾಗಿ ಹೀಗೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವರಿಗೆ 2019ರ ತಿದ್ದುಪಡಿಯು ಎರಡು ವರ್ಷಗಳವರೆಗೆ ಸೆರೆವಾಸವನ್ನೋ, ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೋ, ಎರಡನ್ನೂ ಒಟ್ಟಾಗಿಯೋ ವಿಧಿಸಿದೆ.

ಈ ನಿಯಮಗಳು ಅಂಜುಬುರುಕರಿಗಾಗಿ ಹುಟ್ಟಿದವಲ್ಲ. ಆಡಿದ ಮಾತಿಗಾದರೂ ಕ್ಷಮೆ ಕೇಳಬಹುದು. ಹಾರಿದ ಗುಂಡಿಗೆ ಕಿವಿಯಿಲ್ಲ. ಹಾರಿಸುವ ಬಲಕ್ಕಿಂತ ಹಾರಿಸದೆ ತಡೆಯುವ ಸಂಯಮವೇ ಆಯುಧ ಹಿಡಿದವನಿಗೆ ನಿಜವಾದ ಭೂಷಣ.